ಹೈಬ್ರಿಡ್ ಮೆಕ್ಕೆಜೋಳದ ಕಾಳನ್ನೇ ಮತ್ತೆ ಬಿತ್ತಬಹುದಾ?

ಪ್ರಶ್ನೆ: ಹೋದ ಮುಂಗಾರಿನಲ್ಲಿ ಹೈಬ್ರಿಡ್ ಮೆಕ್ಕೆಜೋಳ ಚೆನ್ನಾಗಿ ಬಂತು. ದಪ್ಪ ತೆನೆಗಳನ್ನೇ ಆರಿಸಿ ಬೀಜಕ್ಕೆ ಇಟ್ಟೆ. ಈ ಸಲ ಬಿತ್ತಿದರೆ ಒಂದು ಗಿಡ ಎತ್ತರ, ಒಂದು ಕುಳ್ಳ, ತೆನೆಯೂ ಸಣ್ಣ. ರಾಗಿಯಲ್ಲಿ ಹೀಗಾಗಲ್ಲ. ಯಾಕೆ?

ಜಗಳೂರು, ಭರಮಸಾಗರದ ಕಡೆ ಬಿತ್ತನೆ ಕಾಲಕ್ಕೆ ಈ ಮಾತು ಬಂದೇ ಬರುತ್ತದೆ. ಉತ್ತರ ಇರುವುದು ಹೂವಿನಲ್ಲಿ.

ರಾಗಿ ಹೂವು ಹೆಚ್ಚಾಗಿ ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ. ಹಾಗಾಗಿ ತಾಯಿಯಂತೆ ಮಗಳು. ಮೆಕ್ಕೆಜೋಳದಲ್ಲಿ ಗಂಡು ಹೂವು ತುದಿಯ ಸೂಲಂಗಿಯಲ್ಲಿ, ಹೆಣ್ಣು ಹೂವು ಕೆಳಗಿನ ತೆನೆಯಲ್ಲಿ. ತೆನೆಯಿಂದ ಇಳಿಬಿದ್ದ ರೇಷ್ಮೆಯಂಥ ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಸೇರಿದ್ದು. ಗಾಳಿ ಯಾವ ಗಿಡದ ಪರಾಗ ತಂದು ಅಂಟಿಸಿತೋ, ಆ ಕಾಳಿಗೆ ಆ ಗಿಡವೇ ಅಪ್ಪ. ಒಂದೇ ತೆನೆಯ ಅಕ್ಕಪಕ್ಕದ ಕಾಳುಗಳಿಗೂ ಅಪ್ಪಂದಿರು ಬೇರೆ ಬೇರೆ ಇರಬಹುದು.

ಹೈಬ್ರಿಡ್ ಮಾಡುವವರು ಮೊದಲು ಎರಡು ತಳಿಗಳಿಗೆ ಹಲವು ತಲೆಮಾರು ತಮ್ಮದೇ ಪರಾಗ ಹಾಕಿಸುತ್ತಾರೆ. ಗಿಡ ಸೊರಗುತ್ತದೆ, ಆದರೆ ಎಲ್ಲ ಒಂದೇ ಥರ ಆಗುತ್ತವೆ. ಆ ಎರಡನ್ನು ಕೂಡಿಸಿದಾಗ ಹುಟ್ಟುವ ಮೊದಲ ಪೀಳಿಗೆಗೆ ಎಲ್ಲಿಲ್ಲದ ಕಸುವು. ಪ್ಯಾಕೆಟ್ಟಿನಲ್ಲಿ ಸಿಗುವುದು ಅದು. ನೀವು ಎತ್ತಿಟ್ಟದ್ದು ಅದರ ಮಕ್ಕಳನ್ನು. ಅವುಗಳಲ್ಲಿ ಗುಣಗಳು ಕಲಸಿ ಹಂಚಿಹೋಗುತ್ತವೆ, ಕಸುವೂ ಇಳಿಯುತ್ತದೆ.

ಆದರೂ ಒಳ್ಳೆ ತೆನೆ ಆರಿಸಿ ಇಟ್ಟದ್ದನ್ನು ತಪ್ಪು ಅನ್ನಲು ನನಗೆ ಮನಸ್ಸು ಬರಲ್ಲ. ಮೆಕ್ಕೆಜೋಳ ಅನ್ನೋ ಬೆಳೆ ಹುಟ್ಟಿದ್ದೇ ಹಾಗೆ ಅಲ್ವಾ! ಸುಮಾರು 9000 ವರ್ಷದ ಹಿಂದೆ, ಮೆಕ್ಸಿಕೋದ ಬಾಲ್ಸಾಸ್ ನದಿಯ ಸೀಮೆ. ಅಲ್ಲಿ ಟಿಯೊಸಿಂಟೆ ಅನ್ನೋ ಕಾಡು ಹುಲ್ಲು. ಬೆರಳುದ್ದದ ತೆನೆ, ಅದರಲ್ಲಿ ಐದರಿಂದ ಹನ್ನೆರಡು ಕಾಳು, ಒಂದೊಂದಕ್ಕೂ ಕಲ್ಲಿನಂಥ ಚಿಪ್ಪು. ಚಿಪ್ಪು ಸಡಿಲವಾದ ಗಿಡ, ಕವಲು ಕಡಿಮೆಯಾಗಿ ನೆಟ್ಟಗೆ ನಿಂತ ಗಿಡ ಕಂಡಾಗೆಲ್ಲ ಅಲ್ಲಿನ ಜನ ಅದರ ಬೀಜ ಉಳಿಸಿಕೊಂಡರು. ಚಿಪ್ಪು ಹೋಗುವುದಕ್ಕೆ ಮುಖ್ಯವಾಗಿ ಒಂದೇ ಒಂದು ಜೀನು ಬದಲಾದರೆ ಸಾಕಾಗಿತ್ತು. ಹೀಗೆ ಸೀಮೆಗೊಂದು ತಳಿ ಆಯಿತು: ಬಿಳಿ, ಹಳದಿ, ಕೆಂಪು, ನೀಲಿ ಕಾಳಿನವು. ಇವತ್ತಿನ ಹೈಬ್ರಿಡ್‌ಗಳ ಮೂಲವೂ ಆ ನಾಟಿ ತಳಿಗಳೇ.

ಈ ವೈವಿಧ್ಯ ಹೊಲದಲ್ಲಿ ಇಲ್ಲವಾದರೆ ಅಪಾಯ ಜಾಸ್ತಿ. 1970ರಲ್ಲಿ ಅಮೆರಿಕದ ಬಹುಪಾಲು ಹೈಬ್ರಿಡ್‌ಗಳಿಗೆ ತಾಯಿ ಕಡೆಯಿಂದ ಒಂದೇ ಗುಣ ಬಂದಿತ್ತು. ಎಲೆ ಅಂಗಮಾರಿ ರೋಗ ಅದನ್ನೇ ಹಿಡಿಯಿತು. ನೂರಕ್ಕೆ ಸುಮಾರು 15 ಪಾಲು ಬೆಳೆ ಹೋಯಿತು. ಮೆಕ್ಕೆಜೋಳದ ಕಣಜ ಅನ್ನಿಸಿಕೊಂಡ ದಾವಣಗೆರೆಯಲ್ಲಿ ಹೊಲದ ಪಕ್ಕ ಹೊಲ ಅದೇ ಬೆಳೆ ನೋಡುವಾಗ ನನಗೆ ಇದು ನೆನಪಾಗಿ ದಿಗಿಲಾಗುತ್ತದೆ.

ಹೈಬ್ರಿಡ್ ಬೆಳೆದರೆ ಕಾಳು ಮಾರಿ, ಬಿತ್ತಲು ಹೊಸ ಬೀಜ ತನ್ನಿ. ಮನೆಯದೇ ಬೀಜ ಬೇಕು ಅಂದರೆ ಕಾಂಪೋಸಿಟ್ ತಳಿ, ಅಂದರೆ ಹಲವು ತಳಿಗಳನ್ನು ಬೆರೆಸಿ ಮಾಡಿದ, ಕಾಳನ್ನೇ ಮತ್ತೆ ಬಿತ್ತಬಹುದಾದ ತಳಿ, ಕೇಳಿ ಪಡೆಯಿರಿ. ಅದನ್ನು ಬೇರೆ ಮೆಕ್ಕೆಜೋಳದ ಹೊಲದಿಂದ 200 ಮೀಟರ್ ಆದರೂ ದೂರ ಬಿತ್ತಿ. ಬೀಜಕ್ಕೆ ಹೊಲದ ನಡುವಿನ ತೆನೆಗಳನ್ನೇ ತೆಗೆಯಿರಿ. ನಾಲ್ಕೈದು ದಪ್ಪ ತೆನೆ ಸಾಲದು. ನೂರಾರು ಗಿಡಗಳಿಂದ ಸ್ವಲ್ಪ ಸ್ವಲ್ಪ ಕಾಳು ಕೂಡಿಸಿ ಇಡಿ.