ಇಂಜಿನ್ ಕೈಕೊಟ್ಟರೆ ಒಂಟಿ ಹಾಯಿದೋಣಿಯವರ ಗತಿ ಏನು?

ಓದುಗರ ಪ್ರಶ್ನೆ: ಒಬ್ಬರೇ ಸಣ್ಣ ಹಾಯಿದೋಣಿಯಲ್ಲಿ ಸಮುದ್ರ ದಾಟುವವರ ಬಗ್ಗೆ ಆಗಾಗ ಓದುತ್ತೇವೆ. ಅರಬ್ಬೀ ಸಮುದ್ರದ ನಡುವೆ ಇಂಜಿನ್ ನಿಂತೇ ಹೋದರೆ ಅವರು ಏನು ಮಾಡುತ್ತಾರೆ? ನಮ್ಮ ಕಾರವಾರದ ಬೈತಖೋಲ ಬಂದರಿನ ಮೀನುಗಾರಿಕೆ ಬೋಟುಗಳ ಹಾಗೆ ಯಾರಾದರೂ ಬಂದು ಎಳೆದುಕೊಂಡು ಹೋಗುವ ತನಕ ಕಾಯಬೇಕಾ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಡುಸಮುದ್ರದಲ್ಲಿ ಇಂಜಿನ್ ನಿಂತರೆ ಅನುಭವ ಇರುವ ಒಂಟಿ ನಾವಿಕರು ಮೊದಲು ಚಹಾಕ್ಕೆ ನೀರಿಡುತ್ತಾರೆ. ಆಮೇಲೆ ಹತ್ಯಾರು ಹೊರಗೆ ತೆಗೆಯುತ್ತಾರೆ. ಅವಸರ ಏನೂ ಇಲ್ಲ. ಅದೇ ಇಂಜಿನ್ ದೇವಗಡ ದ್ವೀಪದ ಹತ್ತಿರ, ಕಾರವಾರ ಬಂದರು ಕಣ್ಣಿಗೆ ಕಾಣುತ್ತಿರುವಾಗ ನಿಂತರೆ ಬೆವರು ಇಳಿಯುತ್ತದೆ. ಹಾಯಿದೋಣಿಗೆ ದಡ ಹತ್ತಿರವಾದಷ್ಟೂ ಅಪಾಯ ಜಾಸ್ತಿ.

ಈ ಪ್ರಶ್ನೆ ನಮ್ಮ ಕಡೆಯವರಿಗೆ ಬರುವುದು ಸಹಜ. ನಾವು ದಿನಾ ನೋಡುವುದು ಟ್ರಾಲರ್, ಪರ್ಸೀನ್ ಬೋಟ್. ಅವಕ್ಕೆ ಇಂಜಿನ್ ಬಿಟ್ಟರೆ ಬೇರೆ ದಾರಿಯಿಲ್ಲ. ಕೆಟ್ಟರೆ ಲಂಗರು ಹಾಕಬೇಕು, ವೈರ್‌ಲೆಸ್‌ನಲ್ಲಿ ಕರೆಯಬೇಕು, ಇನ್ನೊಂದು ಬೋಟ್ ಬಂದು ಎಳೆಯುವ ತನಕ ಕಾಯಬೇಕು. ಹಾಯಿದೋಣಿಯ ಲೆಕ್ಕವೇ ಬೇರೆ. ಅದು ನಡೆಯುವುದು ಗಾಳಿಯಿಂದ. ಡೀಸೆಲ್ ಇಂಜಿನ್ ಏನಿದ್ದರೂ ಸಹಾಯಕ್ಕೆ ಇಟ್ಟುಕೊಂಡದ್ದು.

ಬೇಕಿದ್ದರೆ ಡೀಸೆಲ್ ಲೆಕ್ಕ ಹಾಕಿ ನೋಡಿ. 28 ಅಡಿಯ ದೋಣಿ ಅಂದುಕೊಳ್ಳೋಣ. ಅದರ ಟ್ಯಾಂಕ್ ಹಿಡಿಯುವುದು 80 ಲೀಟರ್ ಅಂತಿಟ್ಟುಕೊಳ್ಳಿ. ಗಂಟೆಗೆ ಒಂದೂವರೆಯಿಂದ ಎರಡು ಲೀಟರ್ ಕುಡಿಯುತ್ತದೆ, ಐದು ನಾಟಿಕಲ್ ಮೈಲಿ ಓಡುತ್ತದೆ. ಒಂದು ನಾಟಿಕಲ್ ಮೈಲಿ ಅಂದರೆ 1.85 ಕಿ.ಮೀ. ಪೂರ್ತಿ ಟ್ಯಾಂಕ್ ಮುಗಿಯುವಾಗ 200ರಿಂದ 265 ಮೈಲಿ ಹೋಗಿರುತ್ತೀರಿ. ಕೊಚ್ಚಿಯಿಂದ ಕವರತ್ತಿ ಮುಟ್ಟುವುದಕ್ಕೇ 218 ಮೈಲಿ ಬೇಕು. ಕಾರವಾರದಿಂದ ಒಮಾನ್‌ನ ಸಲಾಲಾಕ್ಕೆ ಸಾವಿರಕ್ಕೂ ಜಾಸ್ತಿ. ಅಂದರೆ ಇಂಜಿನ್ ಚೆನ್ನಾಗಿದ್ದರೂ ಅದನ್ನು ನಂಬಿ ಸಮುದ್ರ ದಾಟಲು ಆಗುವುದಿಲ್ಲ.

ದಾಟಿದವರೂ ಹಾಗೆ ದಾಟಿಲ್ಲ. ಜಗತ್ತನ್ನು ಮೊದಲು ಒಬ್ಬರೇ ಸುತ್ತಿದ ಜೋಶುವಾ ಸ್ಲೋಕಮ್ 1895ರಲ್ಲಿ ಹೊರಟು 1898ರಲ್ಲಿ ಮುಗಿಸಿದರು. ಅವರ 'ಸ್ಪ್ರೇ' ದೋಣಿಗೆ ಇಂಜಿನ್ನೇ ಇರಲಿಲ್ಲ. 1960ರಲ್ಲಿ ಅಟ್ಲಾಂಟಿಕ್ ದಾಟುವ ಒಂಟಿ ನಾವಿಕರ ಮೊದಲ ರೇಸ್ ನಡೆಯಿತು. ಬ್ಲಾಂಡಿ ಹ್ಯಾಸ್ಲರ್ 25 ಅಡಿಯ 'ಜೆಸ್ಟರ್'ನಲ್ಲಿ ಪ್ಲಿಮತ್‌ನಿಂದ ನ್ಯೂಯಾರ್ಕ್‌ಗೆ 48 ದಿನಗಳಲ್ಲಿ ಹೋಗಿ ಎರಡನೆಯವರಾದರು. ಅದಕ್ಕೂ ಇಂಜಿನ್ ಇರಲಿಲ್ಲ. ಅಷ್ಟು ದೂರ ಯಾಕೆ, ಕುಮಟಾ, ಹೊನ್ನಾವರದಿಂದ ಮುಂಬೈಗೆ ಸರಕು ಹೊತ್ತ ಮಚವೆ, ಪತ್ತೆಮಾರಿಗಳೂ ಒಂದು ಕಾಲದಲ್ಲಿ ಬರೀ ಹಾಯಿಯ ಮೇಲೇ ಓಡುತ್ತಿದ್ದವು. ಮಳೆಗಾಲ ಬಂತೆಂದರೆ ದಡಕ್ಕೆ ಎಳೆದು ಮುಚ್ಚಿಡುತ್ತಿದ್ದರು. ಗಾಳಿ ಯಾವಾಗ ಆಳು, ಯಾವಾಗ ಅರಸ ಅಂತ ಅವರಿಗೆ ಗೊತ್ತಿತ್ತು.

ನಡುಸಮುದ್ರದಲ್ಲಿ ಹೆದರಬೇಕಾದದ್ದು ಹಾಯಿ ಕಟ್ಟುವ ಕಂಬ ಮುರಿದೀತು, ಚುಕ್ಕಾಣಿ ಕೆಟ್ಟೀತು ಅಂತ. ನಮ್ಮ ಅಭಿಲಾಷ್ ಟಾಮಿ ಅವರದ್ದೇ ನೋಡಿ. 2012–13ರಲ್ಲಿ ಮುಂಬೈಯಿಂದ ಹೊರಟು ಎಲ್ಲೂ ನಿಲ್ಲದೆ ಒಬ್ಬರೇ ಜಗತ್ತು ಸುತ್ತಿ ಬಂದವರು. ಒಬ್ಬರೇ ಜಗತ್ತು ಸುತ್ತುವ 2018ರ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಸಿಕ್ಕಿದರು. ದೋಣಿಯ ಕಂಬ ಮುರಿಯಿತು, ಬೆನ್ನುಮೂಳೆಗೆ ಪೆಟ್ಟಾಯಿತು. ಮೂರು ದಿನದ ಮೇಲೆ ಫ್ರಾನ್ಸಿನ 'ಓಸಿರಿಸ್' ಹಡಗು ಬಂದು ಕಾಪಾಡಿತು. ಅಲ್ಲಿ ಎಂಥ ಇಂಜಿನ್ ಇದ್ದರೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಅದೇ ಮನುಷ್ಯ ಮತ್ತೆ ಅದೇ ರೇಸ್‌ಗೆ ಇಳಿದು 2023ರಲ್ಲಿ ಎರಡನೆಯವರಾಗಿ ಮುಗಿಸಿದರು!

ಗಾಳಿಯೇ ನಿಂತರೆ? ಕಾಯಬೇಕು, ಅಷ್ಟೇ. ಅಲೆಯ ಓಲಾಟಕ್ಕೆ ಹಾಯಿ ಪಟಪಟ ಬಡಿದುಕೊಂಡು ಹರಿಯುತ್ತದೆ, ಹಾಗಾಗಿ ಇಳಿಸಿ ಕಟ್ಟಿಡುತ್ತಾರೆ. ನೀರು, ಅಕ್ಕಿ ಸಾಕಷ್ಟಿದ್ದರೆ ಅದು ಬೇಜಾರಿನ ಸಂಗತಿಯೇ ಹೊರತು ಅಪಾಯದ್ದಲ್ಲ. ಕುಡಿಯಲು, ಅಡುಗೆಗೆ ದಿನಕ್ಕೆ ಮೂರ್ನಾಲ್ಕು ಲೀಟರ್ ನೀರು ಬೇಕು. ಎಷ್ಟು ದಿನದ ಪ್ರಯಾಣ ಅಂದುಕೊಂಡಿದ್ದೀರೋ ಅದರ ಎರಡು ಪಟ್ಟು ದಿನಕ್ಕೆ ಆಗುವಷ್ಟು ತುಂಬಿಕೊಳ್ಳಬೇಕು.

ಇನ್ನು ದಡದ ವಿಷಯ. ಇಂಜಿನ್ ಕೆಡುವುದೂ ಹೆಚ್ಚಾಗಿ ಇಲ್ಲೇ, ಸುಮ್ನೆ ಗ್ರಹಚಾರ ಅಂತ ಅಲ್ಲ. ಹಾಯಿದೋಣಿಯ ಇಂಜಿನ್ ವಾರಗಟ್ಟಲೆ ಓಡದೆ ಕೂತಿರುತ್ತದೆ. ಟ್ಯಾಂಕಿನ ತಳದಲ್ಲಿ ನೀರು, ಕೆಸರು ಸೇರಿರುತ್ತದೆ. ದಡದ ಹತ್ತಿರ ಆಳ ಕಡಿಮೆಯಾಗಿ ಅಲೆಗಳ ನಡುವಿನ ಅಂತರ ಕಡಿಮೆಯಾಗುತ್ತದೆ, ಅಲೆ ಕಡಿದಾಗುತ್ತದೆ. ದೋಣಿ ಕುಲುಕಾಡಿ ಆ ಕೆಸರೆಲ್ಲ ಮೇಲೆದ್ದು ಫಿಲ್ಟರ್‌ಗೆ ಬಂದು ಕೂರುತ್ತದೆ. ಬೇಕಾದ ಹೊತ್ತಿಗೇ ಇಂಜಿನ್ ಕೆಮ್ಮಿ ನಿಲ್ಲುತ್ತದೆ. ಇಲ್ಲದಿದ್ದರೆ ತಣ್ಣೀರು ಎಳೆಯುವ ಪಂಪಿನ ರಬ್ಬರ್ ಚಕ್ರ ಹರಿದು ಇಂಜಿನ್ ವಿಪರೀತ ಬಿಸಿಯಾಗುತ್ತದೆ. ಇವೆರಡೂ ಅಲ್ಲವಾದರೆ ಬಲೆ. ನಮ್ಮ ಕರಾವಳಿಯಲ್ಲಿ ಹರಿದ ಬಲೆಯ ತುಂಡು, ನೈಲಾನ್ ಹಗ್ಗ ಎಷ್ಟು ತೇಲುತ್ತದೆ ಅಂತ ನಿಮಗೇ ಗೊತ್ತು. ಅದು ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಹೊಸ ಇಂಜಿನ್ ಆದರೂ ಒಂದೇ, ಹಳೆಯದಾದರೂ ಒಂದೇ.

ಒಬ್ಬರೇ ಇರುವುದರ ತೊಂದರೆ ಗೊತ್ತಾಗುವುದು ಇಲ್ಲಿ. ಇಬ್ಬರಿದ್ದರೆ ಒಬ್ಬರು ಚುಕ್ಕಾಣಿ ಹಿಡಿಯುತ್ತಾರೆ, ಇನ್ನೊಬ್ಬರು ಕೆಳಗಿಳಿದು ಫಿಲ್ಟರ್ ಬದಲಿಸುತ್ತಾರೆ. ಒಬ್ಬರೇ ಇದ್ದರೆ ಕೆಳಗೆ ತಲೆ ಹಾಕಿದ ಹತ್ತು ನಿಮಿಷದಲ್ಲಿ ದೋಣಿ ಎಲ್ಲಿಗೆ ತೇಲಿತು ಅಂತ ನೋಡುವವರಿಲ್ಲ. ಹಾಯಿಯೂ ಇಳಿದಿದೆ, ಇಂಜಿನ್ನೂ ನಿಂತಿದೆ ಅಂದರೆ ಚುಕ್ಕಾಣಿ ತಿರುಗಿಸಿ ಏನೂ ಪ್ರಯೋಜನವಿಲ್ಲ. ನಿಂತ ಸೈಕಲ್ಲಿನ ಹ್ಯಾಂಡಲ್ ತಿರುಗಿಸಿದ ಹಾಗೆ. ನೀರು ಸರಿದರೆ ಮಾತ್ರ ಚುಕ್ಕಾಣಿ ಮಾತು ಕೇಳುತ್ತದೆ.

ಅದಕ್ಕೇ ಅನುಭವಿಗಳು ಎರಡು ವಿಷಯದಲ್ಲಿ ಹಠ ಮಾಡುತ್ತಾರೆ. ಇಂಜಿನ್ ಚಾಲೂ ಆಯಿತು ಅಂತ ಹಾಯಿ ಮಡಚಿ ಕಟ್ಟುವುದಿಲ್ಲ. ಒಂದು ಹಗ್ಗ ಎಳೆದರೆ ಮೇಲೇರುವ ಹಾಗೆ ಇಟ್ಟುಕೊಳ್ಳುತ್ತಾರೆ. ಮತ್ತೆ, ಬಂದರು ಇನ್ನೂ ದೂರ ಇರುವಾಗಲೇ ಲಂಗರನ್ನು ಮೂತಿಯಲ್ಲಿ ಸಿದ್ಧ ಮಾಡಿರುತ್ತಾರೆ. ನಮ್ಮ ಕರಾವಳಿಯ ತಳ ನಿಧಾನಕ್ಕೆ ಇಳಿಯುತ್ತದೆ, ದಡದಿಂದ ಸಾಕಷ್ಟು ದೂರದವರೆಗೂ ಲಂಗರು ಮುಟ್ಟುವಷ್ಟೇ ಆಳ. ಇದು ದೊಡ್ಡ ಪುಣ್ಯ. ಆಳದ ಐದರಿಂದ ಏಳು ಪಟ್ಟು ಸರಪಳಿ, ಹಗ್ಗ ಬಿಟ್ಟರೆ ದೋಣಿ ನಿಲ್ಲುತ್ತದೆ. ಆಮೇಲೆ ನಿಧಾನಕ್ಕೆ ಯೋಚನೆ ಮಾಡಬಹುದು.

ಕಾರವಾರಕ್ಕೆ ಇಂಜಿನ್ ಇಲ್ಲದೆ ಬರುವುದು ಹೇಗೆ? ಇದಕ್ಕೆ ಉತ್ತರ ನಮ್ಮ ಹಳೆಯ ದೋಣಿಯವರ ಹತ್ತಿರವೇ ಇದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಗಾಳಿಗೆ ಒಂದು ದಿನಚರಿ ಇರುತ್ತದೆ. ರಾತ್ರಿ ಘಟ್ಟ ತಣಿಯುತ್ತದೆ, ನಡುರಾತ್ರಿಯ ನಂತರ ನೆಲದ ಕಡೆಯಿಂದ ಮೂಡಗಾಳಿ ಬೀಸುತ್ತದೆ. ಬೆಳಿಗ್ಗೆ ಎಂಟು ಒಂಬತ್ತರ ತನಕ ಅದು ಇರುತ್ತದೆ. ನಡುವೆ ಸ್ವಲ್ಪ ಹೊತ್ತು ಗಾಳಿಯೇ ಇಲ್ಲ. ಮಧ್ಯಾಹ್ನದಿಂದ ಕಡಲಗಾಳಿ, ವಾಯವ್ಯ ದಿಕ್ಕಿನಿಂದ. ಮೂರು ನಾಲ್ಕು ಗಂಟೆಗೆ ಅದರ ಜೋರು. ಹಾಯಿ ಕಟ್ಟಿದ ಮೀನುದೋಣಿಗಳು ನಸುಕಿನ ಮೂಡಗಾಳಿಗೆ ಹೊರಟು ಮಧ್ಯಾಹ್ನದ ಕಡಲಗಾಳಿಗೆ ವಾಪಸ್ ಬರುತ್ತಿದ್ದದ್ದು ಇದೇ ಲೆಕ್ಕದಲ್ಲಿ.

ಒಂಟಿ ನಾವಿಕರಿಗೂ ಅದೇ ವೇಳಾಪಟ್ಟಿ. ಮಧ್ಯಾಹ್ನ ಒಂದರಿಂದ ನಾಲ್ಕರೊಳಗೆ ಒಳಗೆ ಬರುವ ಹಾಗೆ ನೋಡಿಕೊಳ್ಳಬೇಕು. ಕಡಲಗಾಳಿ ಹಿಂದಿನಿಂದ, ಪಕ್ಕದಿಂದ ಇರುತ್ತದೆ, ಬೆಳಕೂ ಇರುತ್ತದೆ. ದೇವಗಡದ ಲೈಟ್‌ಹೌಸ್, ಕೂರ್ಮಗಡ ಕಣ್ಣಿಗೆ ಕಾಣುತ್ತಿರುತ್ತವೆ. ಹೊತ್ತು ತಪ್ಪಿದರೆ ಒಳಗೆ ಬರುವ ಆಸೆ ಬಿಡಬೇಕು. ಹೊರಗಡೆಯೇ ಮುಂದಿನ ಹಾಯಿಯನ್ನು ಗಾಳಿಗೆ ಉಲ್ಟಾ ಬಿಗಿದು, ಚುಕ್ಕಾಣಿಯನ್ನು ಇನ್ನೊಂದು ಬದಿಗೆ ಕಟ್ಟಿದರೆ ಎರಡರ ಜಗಳದಲ್ಲಿ ದೋಣಿ ಹೆಚ್ಚುಕಮ್ಮಿ ನಿಂತ ಹಾಗೆ ಇರುತ್ತದೆ. ಗಂಟೆಗೆ ಒಂದು ಮೈಲಿಯಷ್ಟು ನಿಧಾನಕ್ಕೆ ಸರಿಯುತ್ತದೆ. ಹಾಗೆ ರಾತ್ರಿ ಕಳೆಯಬೇಕು. ಮನೆ ಎದುರಿಗೇ ಕಾಣುತ್ತಿರುವಾಗ ಹೊರಗೆ ಕಾಯುವುದು ಕಷ್ಟ, ನಿಜ. ಆದರೆ ಒಂಟಿ ದೋಣಿಗಳು ಕಲ್ಲಿಗೆ ಬಡಿದ ಕಥೆಗಳಲ್ಲಿ ಸುಸ್ತು, ಅವಸರ, ಕತ್ತಲೆ ಮೂರೂ ಸಾಮಾನ್ಯವಾಗಿ ಒಟ್ಟಿಗೇ ಇರುತ್ತವೆ.

ಕಾಳಿ ನದಿಯ ಅಳಿವೆ ಕಡೆ ಮಾತ್ರ ಹಾಯಿ ನಂಬಿ ತಲೆ ಹಾಕಬಾರದು. ಮರಳಿನ ದಿಬ್ಬ ಜಾಗ ಬದಲಿಸುತ್ತಿರುತ್ತದೆ. ಇಳಿತದ ನೀರು ಹೊರಗೆ ನುಗ್ಗುವಾಗ ಎದುರಿಗೆ ಕಡಲಗಾಳಿ ಬೀಸಿದರೆ ಅಲೆ ಅಲ್ಲೇ ಒಡೆಯುತ್ತದೆ. ತದಡಿಯ ಅಘನಾಶಿನಿ, ಹೊನ್ನಾವರದ ಶರಾವತಿ ಅಳಿವೆಗಳೂ ಹೀಗೆಯೇ. ಇನ್ನೊಂದು ಮಾತು. ಬಿಣಗಾ, ಅರ್ಗಾ, ಅಂಜದೀವ್ ಕಡೆ ಐಎನ್‌ಎಸ್ ಕದಂಬ ನೌಕಾನೆಲೆ ಇದೆ. ಇಂಜಿನ್ ಸತ್ತು ಆ ಕಡೆ ತೇಲುತ್ತಿದ್ದೀರಿ ಅನ್ನಿಸಿದ ತಕ್ಷಣ ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್‌ನಲ್ಲಿ ಹೇಳಿಬಿಡಬೇಕು. ನೌಕಾಪಡೆಯವರೇ ವಿಚಾರಿಸುವ ತನಕ ಕಾಯುವುದು ಜಾಣತನ ಅಲ್ಲ.

ಮಳೆಗಾಲದಲ್ಲಿ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. ಗಾಳಿ ಪಡುವಣದಿಂದ ಒಂದೇ ಸಮನೆ ದಡದ ಕಡೆ ನೂಕುತ್ತದೆ. ಯಾಂತ್ರೀಕೃತ ಬೋಟುಗಳಿಗೇ ಜೂನ್, ಜುಲೈನಲ್ಲಿ 61 ದಿನ ರಜೆ ಇರುವಾಗ ಹಾಯಿದೋಣಿಯ ಮಾತೇಕೆ?

ನಿದ್ದೆಯ ಬಗ್ಗೆಯೂ ಎಲ್ಲರೂ ಕೇಳುತ್ತಾರೆ, ಅಲ್ವಾ? ಮಲಗಿದಾಗ ದೋಣಿಯನ್ನು ನಡೆಸುವುದು ಗಾಳಿಯಿಂದಲೇ ಕೆಲಸ ಮಾಡುವ ಒಂದು ಸಾಧನ. ಹಿಂದುಗಡೆ ಒಂದು ಹಲಗೆ ಗಾಳಿಯ ದಿಕ್ಕು ಹಿಡಿಯುತ್ತದೆ, ಅದು ಚುಕ್ಕಾಣಿಯನ್ನು ತಿರುಗಿಸುತ್ತದೆ. ಕರೆಂಟ್ ಬೇಡ. ಹಡಗು ಬರುತ್ತದಾ ಅಂತ ನೋಡುವುದು ಮಾತ್ರ ಮನುಷ್ಯನ ಕೆಲಸ. ದೊಡ್ಡ ಹಡಗು ಹತ್ತು ಮೈಲಿಯಲ್ಲಿ ಕಂಡರೆ, ಗಂಟೆಗೆ 18 ಮೈಲಿ ವೇಗದಲ್ಲಿ ನಿಮ್ಮ ಮೇಲೆ ಬರಲು ಸುಮಾರು ಅರ್ಧ ಗಂಟೆ. ಮಂಜು ಇದ್ದರೆ ಇನ್ನೂ ಕಡಿಮೆ. ಇಪ್ಪತ್ತು ನಿಮಿಷಕ್ಕೊಮ್ಮೆ ಅಲಾರಾಂ ಇಟ್ಟು ಏಳುವುದು ಅದಕ್ಕೇ. ಸಮುದ್ರದ ನಿಯಮದ ಪ್ರಕಾರ ಎಲ್ಲ ದೋಣಿಗಳೂ ಸದಾ ಕಾವಲು ಇರಬೇಕು. ಒಂಟಿ ನಾವಿಕರು ಮಲಗಿದಾಗಲೆಲ್ಲ ಆ ನಿಯಮ ಮುರಿದಂತೆಯೇ ಲೆಕ್ಕ. ಇದನ್ನು ಸಾಹಸದ ಬರಹಗಳಲ್ಲಿ ಯಾರೂ ಜಾಸ್ತಿ ಹೇಳುವುದಿಲ್ಲ. ಬಲೆ ಬಿಟ್ಟ ಬೋಟುಗಳ ನಡುವೆಯಂತೂ ಇಪ್ಪತ್ತು ನಿಮಿಷದ ನಿದ್ದೆಯೂ ಇಲ್ಲ. ಮೀನು ಹಿಡಿಯುತ್ತಿರುವ ಬೋಟಿಗೆ ಹಾಯಿದೋಣಿಯೇ ದಾರಿ ಬಿಡಬೇಕು.

ಇಂಜಿನ್ ಕೆಟ್ಟರೆ ಬ್ಯಾಟರಿ ಚಾರ್ಜ್ ಆಗುವುದೂ ನಿಲ್ಲುತ್ತದೆ. 100 ವ್ಯಾಟ್‌ನ ಸೋಲಾರ್ ಫಲಕ ಒಂದಿದ್ದರೆ ದೀಪ, ರೇಡಿಯೋ, ಹಡಗುಗಳ ಸುಳಿವು ಕೊಡುವ ಎಐಎಸ್ ಯಂತ್ರಕ್ಕೆ ಸಾಕು. ಫ್ರಿಡ್ಜ್ ಮರೆತುಬಿಡಿ.

ಜೀವಕ್ಕೇ ಬಂದರೆ 406 ಮೆಗಾಹರ್ಟ್ಸ್‌ನ ತುರ್ತು ಬೀಕನ್ ಒತ್ತಬೇಕು. ಆ ಸಂಕೇತ ಉಪಗ್ರಹದ ಮೂಲಕ ಇಸ್ರೋದ ಬೆಂಗಳೂರಿನ ಕೇಂದ್ರಕ್ಕೆ ಬಂದು, ಅಲ್ಲಿಂದ ಕರಾವಳಿ ರಕ್ಷಣಾ ಪಡೆಗೆ ಹೋಗುತ್ತದೆ. ದಡದಲ್ಲಿರುವ ಮನೆಯವರು 1554ಕ್ಕೆ ಫೋನ್ ಮಾಡಬಹುದು. ಬರೀ ಇಂಜಿನ್ ಕೆಟ್ಟದ್ದಕ್ಕೆ ಬೀಕನ್ ಒತ್ತುವ ಹಾಗಿಲ್ಲ. ಸ್ಯಾಟಲೈಟ್ ಫೋನ್ ತಂದಿಟ್ಟುಕೊಳ್ಳುವ ಯೋಚನೆ ಇದ್ದರೆ ಹುಷಾರು, ಪರವಾನಗಿ ಇಲ್ಲದೆ ಅದು ನಮ್ಮಲ್ಲಿ ಅಪರಾಧ.

ಹಾಗಾದರೆ ಇಂಜಿನ್ ತೆಗೆದೇ ಹಾಕಿದರೆ ಆಗದಾ? ಲಿನ್ ಮತ್ತು ಲ್ಯಾರಿ ಪಾರ್ಡಿ ದಂಪತಿ 24 ಅಡಿಯ 'ಸೆರಾಫಿನ್'ನಲ್ಲಿ ಇಂಜಿನ್ ಇಲ್ಲದೆಯೇ ಜಗತ್ತು ಸುತ್ತಿದರು. ಗಾಳಿ ಇಲ್ಲದ ಬಂದರಿನಲ್ಲಿ ಹಿಂದಿನಿಂದ ಉದ್ದನೆಯ ಹುಟ್ಟು ಹಾಕುತ್ತಿದ್ದರು. ಆದರೆ ಅವರು ಇಬ್ಬರಿದ್ದರು. ಬೈತಖೋಲದಂಥ ಬೋಟು ತುಂಬಿದ ಜಾಗ, ನೌಕಾನೆಲೆ, ಬಲೆ ಎಲ್ಲ ಇರುವ ನಮ್ಮ ಕಡೆ ಒಬ್ಬರೇ ಹೋಗುವವರು ಇಂಜಿನ್ ಇಟ್ಟುಕೊಳ್ಳುವುದೇ ಸರಿ ಅಂತ ನನಗನ್ನಿಸುತ್ತದೆ. ಬಿಡಿ ಫಿಲ್ಟರ್, ಪಂಪಿನ ರಬ್ಬರ್ ಚಕ್ರ ಎರಡೆರಡು ಇರಲಿ. ಬಂದರು ಇನ್ನೂ ಐದು ಮೈಲಿ ದೂರ ಇರುವಾಗಲೇ ಒಮ್ಮೆ ಚಾಲೂ ಮಾಡಿ ಹತ್ತು ನಿಮಿಷ ಓಡಿಸಿ ನೋಡಿ.

ಕಲಿಯುವ ಆಸೆ ಇದ್ದವರು ಬಂದರು ಇಲಾಖೆಗೂ ಕರಾವಳಿ ಕಾವಲು ಪೊಲೀಸರಿಗೂ ತಿಳಿಸಿ, ಚಳಿಗಾಲದ ಒಂದು ಮಧ್ಯಾಹ್ನ ಕಾರವಾರದ ಕೊಲ್ಲಿಯಲ್ಲೇ ಅಭ್ಯಾಸ ಮಾಡಬಹುದು. ಬೋಟುಗಳಿಲ್ಲದ ಜಾಗ ಹುಡುಕಿ. ಹಾಯಿಯ ಮೇಲೇ ಬಂದು, ಗಾಳಿಗೆ ಮುಖ ಮಾಡಿ ನಿಲ್ಲಿಸಿ, ಲಂಗರು ಬಿಡಿ. ಮತ್ತೆ ಎತ್ತಿ, ಹಾಯಿಯ ಮೇಲೇ ಹೊರಡಿ. ಅಷ್ಟು ಹೊತ್ತೂ ಇಂಜಿನ್ ಓಡುತ್ತಾ ಇರಲಿ, ಗೇರ್ ಮಾತ್ರ ಹಾಕಬೇಡಿ.