ತಾಂತ್ರಿಕ ಪ್ರೌಢಶಿಕ್ಷಣ: ಗಿರಣಿಯೂರಿನ ಫಲಿತಾಂಶದ ಹಿಂದಿರುವ ಮಕ್ಕಳು

ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದ ದಿನ ನಮ್ಮ ದಾವಣಗೆರೆ–ಚಿತ್ರದುರ್ಗ ಭಾಗದಲ್ಲಿ ಮೊದಲು ನೋಡುವುದು ಜಿಲ್ಲೆಯ ಸ್ಥಾನವನ್ನು, ಆಮೇಲೆ ಮಗುವಿನ ಅಂಕವನ್ನು. 2023ರಲ್ಲಿ ಶೇ 96.80ರ ಸಾಧನೆಯೊಂದಿಗೆ ಚಿತ್ರದುರ್ಗ ರಾಜ್ಯಕ್ಕೇ ಮೊದಲಾಯಿತು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾ ಮೂಲಕ ನೇರ ನಿಗಾ, ಬಂತು. ಕೃಪಾಂಕದ ಪ್ರಮಾಣವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ ರಾಜ್ಯದ ಒಟ್ಟು ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು, ಮೊದಲ ಸ್ಥಾನ ಉಡುಪಿಯ ಪಾಲಾಯಿತು. ಒಂದು ವರ್ಷದೊಳಗೆ ಮಕ್ಕಳ ಬುದ್ಧಿ ಇಷ್ಟು ಏರುಪೇರಾಗುವುದಿಲ್ಲ, ಬದಲಾದದ್ದು ಅಳೆಯುವ ಕೋಲು. ಸಾಮಾನ್ಯ ಶಾಲೆಗಳ ವಿಷಯದಲ್ಲೇ ಹೀಗಿರುವಾಗ, ತಾಂತ್ರಿಕ ಮತ್ತು ವೃತ್ತಿ ವಿಷಯಗಳನ್ನು ಕಲಿಸುವ ಸರ್ಕಾರಿ ಪ್ರೌಢಶಾಲೆಗಳನ್ನು ಶೇಕಡಾವಾರು ಫಲಿತಾಂಶವೊಂದರಿಂದಲೇ ತೂಗುವ ಮೊದಲು, ಆ ಶಾಲೆಗಳನ್ನು ಯಾರಿಗಾಗಿ ಕಲ್ಪಿಸಲಾಗಿತ್ತು, ಈಗ ಅಲ್ಲಿ ಕುಳಿತಿರುವವರು ಯಾರು ಎಂಬುದನ್ನು ನೋಡಬೇಕಾಗುತ್ತದೆ.

ಈ ಕಲ್ಪನೆಗೆ ದೇಶಮಟ್ಟದಲ್ಲಿ ಖಚಿತ ರೂಪ ಕೊಟ್ಟದ್ದು 1952–53ರ ಮಾಧ್ಯಮಿಕ ಶಿಕ್ಷಣ ಆಯೋಗ, ಅಂದರೆ ಮುದಲಿಯಾರ್ ಆಯೋಗ. ತಾಂತ್ರಿಕ ಶಾಲೆಗಳನ್ನು ಪ್ರತ್ಯೇಕವಾಗಿ ಇಲ್ಲವೇ ಬಹೂದ್ದೇಶ ಶಾಲೆಗಳ ಭಾಗವಾಗಿ ತೆರೆಯಬೇಕು, ಅವು ಸಾಧ್ಯವಾದಷ್ಟೂ ಕೈಗಾರಿಕೆಗಳ ಸಮೀಪದಲ್ಲಿರಬೇಕು, ಅದರ ವೆಚ್ಚಕ್ಕಾಗಿ ಉದ್ಯಮಗಳ ಮೇಲೆ ಶಿಕ್ಷಣ ಸೆಸ್ ವಿಧಿಸಬೇಕು ಎಂದು ಅದು ಶಿಫಾರಸು ಮಾಡಿತ್ತು. ಎರಡನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಕಿರಿಯ ತಾಂತ್ರಿಕ ಶಾಲೆಗಳ ಯೋಜನೆ ಆರಂಭವಾಯಿತು. ಗಣಿತ, ವಿಜ್ಞಾನ, ಭಾಷೆಯ ಜೊತೆಗೆ ಎಂಜಿನಿಯರಿಂಗ್ ಡ್ರಾಯಿಂಗ್ ಹಾಗೂ ವರ್ಕ್‌ಶಾಪ್ ಕೆಲಸವನ್ನೂ ಹದಿಹರೆಯದಲ್ಲೇ ಕಲಿಸುವುದು ಅದರ ಉದ್ದೇಶವಾಗಿತ್ತು. ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಮತ್ತು ಎಂಜಿನಿಯರಿಂಗ್ ಗ್ರಾಫಿಕ್ಸ್ ಪತ್ರಿಕೆಗಳು ನಮ್ಮ ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯ ಒಂದು ಮೂಲೆಯಲ್ಲಿ ಇಂದಿಗೂ ಕಾಣಿಸಿಕೊಳ್ಳುವುದು ಆ ಪರಂಪರೆಯಿಂದಲೇ. ಬಹುಪಾಲು ಪಾಲಕರು ಆ ಸಾಲನ್ನು ಓದದೆ ಮುಂದೆ ಹೋಗುತ್ತಾರೆ.

ಉದ್ಯಮದ ಪಕ್ಕದಲ್ಲಿ ಶಾಲೆ ಎಂಬ ಮಾತಿಗೆ ದಾವಣಗೆರೆ ಹೇಳಿ ಮಾಡಿಸಿದ ಊರಾಗಿತ್ತು. ಹತ್ತಿ ಗಿರಣಿಗಳಿಂದಾಗಿ ಅದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು. ಹದಿನೈದು ಕಿಲೋಮೀಟರ್ ಆಚೆಯ ಹರಿಹರದಲ್ಲಿ 1941ರಿಂದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನು ತಯಾರಿಸುತ್ತಿತ್ತು. 1951ರಲ್ಲಿ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಎಂಬ ಪದಗಳು ಇಲ್ಲಿ ಪಠ್ಯಪುಸ್ತಕದಿಂದ ಬಂದವಲ್ಲ, ಗಿರಣಿಯ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಮರಳುತ್ತಿದ್ದವರ ಬಾಯಿಂದ ಬಂದವು. ತಾಂತ್ರಿಕ ಶಿಕ್ಷಣವೆಂದರೆ ಅಂದು ಕೆಳದರ್ಜೆಯ ಓದಲ್ಲ, ಕಾರ್ಖಾನೆಯ ಕಾಯಂ ಸಂಬಳಕ್ಕೆ ಹೋಗುವ ನೇರ ದಾರಿ.

ಆ ದಾರಿ ಮುಚ್ಚಿದ್ದೇ ಇಡೀ ಕಥೆಯ ತಿರುವು. ಒಂದರ ಹಿಂದೊಂದರಂತೆ ಗಿರಣಿಗಳು ಬಾಗಿಲು ಹಾಕಿದವು, 2000ದ ದಶಕದ ಆರಂಭದ ಹೊತ್ತಿಗೆ ಹರಿಹರದ ಕಿರ್ಲೋಸ್ಕರ್ ಕೂಡ ನಿಂತುಹೋಯಿತು. ಡಿಸಿಎಂ ಎಂಬ ಗಿರಣಿಯ ಹೆಸರು ಈಗ ಉಳಿದಿರುವುದು ಬಡಾವಣೆಯ ವಿಳಾಸದಲ್ಲಿ. ಅದೇ ಅವಧಿಯಲ್ಲಿ ಊರಿನ ಶಿಕ್ಷಣ ಬೇರೆ ದಿಕ್ಕಿಗೆ ಬೆಳೆಯಿತು. ಖಾಸಗಿ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳು ಬಂದವು, ಅವುಗಳಿಗೆ ಮಕ್ಕಳನ್ನು ಸಜ್ಜುಗೊಳಿಸುವ ಇಂಗ್ಲಿಷ್ ಮಾಧ್ಯಮದ ಶಾಲೆಗಳೂ ಪಿಯು ಕಾಲೇಜುಗಳೂ ಬಂದವು, ಅನುಕೂಲವಿದ್ದವರ ಮಕ್ಕಳು ಅತ್ತ ಹೋದರು. ಸರ್ಕಾರಿ ಶಾಲೆಯಲ್ಲಿ ಉಳಿದದ್ದು ಬೇರೆ ಆಯ್ಕೆಯಿಲ್ಲದವರ ಮಕ್ಕಳು.

ನೀತಿಯೇನೋ ಕಾಗದದಲ್ಲಿ ಬೆಳೆಯುತ್ತಲೇ ಇತ್ತು. ಕೆಳ ಪ್ರೌಢ ಹಂತದಲ್ಲಿ ಶೇ 20ರಷ್ಟು, ಹತ್ತನೇ ತರಗತಿಯ ನಂತರ ಶೇ 50ರಷ್ಟು ವಿದ್ಯಾರ್ಥಿಗಳು ವೃತ್ತಿ ಶಿಕ್ಷಣದಲ್ಲಿರಬೇಕೆಂದು 1964–66ರ ಕೊಠಾರಿ ಆಯೋಗ ಹೇಳಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಗುರಿಯನ್ನು ಪಿಯು ಹಂತಕ್ಕೆ ಸರಿಸಿ, 1995ಕ್ಕೆ ಶೇ 25 ಎಂದಿತು. 2013ರ ಡಿಸೆಂಬರ್‌ನಲ್ಲಿ ಎನ್‌ಎಸ್‌ಕ್ಯೂಎಫ್, ಅಂದರೆ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಜಾರಿಯಾದ ಮೇಲೆ ವೃತ್ತಿ ವಿಷಯ ಮತ್ತೆ ಪ್ರೌಢಶಾಲೆಗೆ ಇಳಿದು ಬಂತು. ಕರ್ನಾಟಕದಲ್ಲಿ ಆಯ್ದ ಸರ್ಕಾರಿ ಶಾಲೆಗಳ ಮಕ್ಕಳು ತೃತೀಯ ಭಾಷೆಯ ಬದಲಿಗೆ ಆಟೊಮೊಬೈಲ್, ಮಾಹಿತಿ ತಂತ್ರಜ್ಞಾನ, ರಿಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್ ಮುಂತಾದ ವಿಷಯಗಳನ್ನು ತೆಗೆದುಕೊಳ್ಳಬಹುದು. ಮೂರು ವರ್ಷ ಲೇತ್ ಮುಂದೆ ನಿಂತು ಕಲಿಯುವುದಕ್ಕೂ ವಾರಕ್ಕೆ ಕೆಲವು ಪೀರಿಯಡ್ ವೃತ್ತಿ ವಿಷಯ ಓದುವುದಕ್ಕೂ ಇರುವ ಅಂತರ ದೊಡ್ಡದು. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದು ನನಗೆ ಸರಿ ಕಾಣುವುದಿಲ್ಲ.

ಈಗ ತರಗತಿಯೊಳಗಿರುವವರ ವಿಷಯ. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವವರೆಗೂ ಇದು ಚಿತ್ರದುರ್ಗದ್ದೇ ಭಾಗ. 2011ರ ಜನಗಣತಿಯಂತೆ ಚಿತ್ರದುರ್ಗ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯವರು ಶೇ 23ಕ್ಕೂ ಹೆಚ್ಚು, ಪರಿಶಿಷ್ಟ ಪಂಗಡದವರು ಶೇ 18ರಷ್ಟಿದ್ದಾರೆ. ದಾವಣಗೆರೆಯಲ್ಲಿ ಇದು ಕ್ರಮವಾಗಿ ಶೇ 20 ಮತ್ತು 12ರ ಆಸುಪಾಸು. ಸರ್ಕಾರಿ ಪ್ರೌಢಶಾಲೆಯ ಹಾಜರಿ ಪುಸ್ತಕದಲ್ಲಿ ಈ ಪಾಲು ಸಹಜವಾಗಿಯೇ ಹೆಚ್ಚು. ಮಂಡಕ್ಕಿ ಭಟ್ಟಿಯಲ್ಲಿ ಬೆಳಗಿನ ಜಾವದಿಂದ ದುಡಿಯುವ ಕುಟುಂಬಗಳ ಮಕ್ಕಳು, ಎಪಿಎಂಸಿ ಹಮಾಲರ ಮಕ್ಕಳು, ತಂದೆ ತಾಯಿ ಕಾಫಿ ಸೀಮೆಗೋ ಕಬ್ಬು ಕಡಿಯಲೋ ಗುಳೆ ಹೋದಾಗ ಅಜ್ಜಿಯ ಬಳಿ ಉಳಿಯುವ ತಾಂಡಾದ ಮಕ್ಕಳು, ಹಾಸ್ಟೆಲ್‌ನಿಂದ ಬರುವ ನಾಯಕ, ಗೊಲ್ಲ ಸಮುದಾಯಗಳ ಹುಡುಗರು ಒಂದೇ ಬೆಂಚಿನಲ್ಲಿರುತ್ತಾರೆ. ಬಿಸಿಯೂಟವನ್ನು ಹತ್ತನೇ ತರಗತಿಯವರೆಗೆ ವಿಸ್ತರಿಸಿದ್ದು, ಎಂಟನೇ ತರಗತಿಗೆ ಸೈಕಲ್ ಕೊಟ್ಟದ್ದು ಇವರನ್ನು ಶಾಲೆಯಲ್ಲಿ ಹಿಡಿದಿಡಲು ಮಾಡಿದ ಕೆಲಸ ಕಡಿಮೆಯದಲ್ಲ. ಆದರೆ ಹಾಜರಿ ಬೇರೆ, ಓದು ಬೇರೆ. ಗುಳೆಯ ತಿಂಗಳುಗಳಲ್ಲಿ ತಪ್ಪಿಹೋದ ಬೀಜಗಣಿತ ಮಾರ್ಚ್‌ನ ವಿಶೇಷ ತರಗತಿಯಲ್ಲಿ ಮರಳಿ ಬರುವುದು ಕಷ್ಟ.

ಇಂತಹ ತರಗತಿಯ ಫಲಿತಾಂಶವನ್ನು ಪಟ್ಟಣದ ಖಾಸಗಿ ಶಾಲೆಯ ಪಕ್ಕದಲ್ಲಿಟ್ಟು ನೋಡಿದರೆ ಶಾಲೆ ಸೋತಂತೆ ಕಾಣುತ್ತದೆ. ವೃತ್ತಿ ವಿಷಯದಲ್ಲಿ ಒಳ್ಳೆಯ ಅಂಕ ಪಡೆದ ಹುಡುಗ ಗಣಿತದಲ್ಲೋ ಇಂಗ್ಲಿಷ್‌ನಲ್ಲೋ ನಪಾಸಾದರೆ ಅಂಕಿಅಂಶದಲ್ಲಿ ಅವನು ಕೇವಲ ಅನುತ್ತೀರ್ಣ. ಪಾಸಾದವನಿಗೂ ತೊಡಕು ತಪ್ಪಿದ್ದಲ್ಲ. ಡಿಪ್ಲೊಮಾ ಸೀಟಿನ ಅರ್ಹತಾ ಪಟ್ಟಿಯಲ್ಲಿ ಲೆಕ್ಕಕ್ಕೆ ಬರುವುದು ಮುಖ್ಯವಾಗಿ ಗಣಿತ ಮತ್ತು ವಿಜ್ಞಾನದ ಅಂಕಗಳು. ಎರಡು ವರ್ಷ ಆಟೊಮೊಬೈಲ್ ಓದಿದವನು ಆಟೊಮೊಬೈಲ್ ಡಿಪ್ಲೊಮಾಕ್ಕೆ ಅರ್ಜಿ ಹಾಕಿದಾಗ, ಆ ಓದು ಅಂಕಪಟ್ಟಿಯ ತೃತೀಯ ಭಾಷೆಯ ಸಾಲಿನಲ್ಲಿ ಸುಮ್ಮನೆ ಕುಳಿತಿರುತ್ತದೆ.