ಕುರ್ಚಿ ಒಂದೇ, ಕೂರುವವರು ಎಂಟು ಮಂದಿ

ಫ್ರಾನ್ಸ್‌ನ ಎಡಪಕ್ಷಗಳು ಅಧ್ಯಕ್ಷೀಯ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಯ ಹಿಂದೆ ಯಾಕೆ ಒಂದಾಗಲ್ಲ? ಬಿ.ಎ. ತರಗತಿಗೆ ಫ್ರಾನ್ಸ್‌ ರಾಜಕೀಯದ ಪಾಠ ಶುರು ಮಾಡುವಾಗ ನಾನು ಬೋರ್ಡಿನ ಮೇಲೆ ಮೊದಲು ಬರೆಯೋದು ಒಂದು ಸಂಖ್ಯೆ: 1,94,600. 2002ರ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನಲ್ಲಿ ಸಮಾಜವಾದಿ ಲಿಯೊನೆಲ್ ಜೋಸ್ಪಿನ್ ಇಷ್ಟೇ ಮತಗಳಿಂದ ಕಟ್ಟಾ ಬಲಪಂಥದ ಜಾನ್ ಮರಿ ಲೆ ಪೆನ್‌ಗಿಂತ ಹಿಂದೆ ಬಿದ್ದರು. ಅಲ್ಲಿ ಯಾರಿಗೂ ಅರ್ಧಕ್ಕಿಂತ ಜಾಸ್ತಿ ಮತ ಬರದಿದ್ದರೆ ಮೊದಲ ಇಬ್ಬರು ಮಾತ್ರ ಎರಡನೇ ಸುತ್ತಿಗೆ ಹೋಗುತ್ತಾರೆ. ಜೋಸ್ಪಿನ್ ಮೂರನೆಯವರು. ಐದು ವರ್ಷ ಪ್ರಧಾನಿಯಾಗಿದ್ದವರು, ಅವರ ಸರ್ಕಾರವೇ ವಾರಕ್ಕೆ 35 ಗಂಟೆ ಕೆಲಸದ ಕಾನೂನು ತಂದಿತ್ತು, ಆದರೂ ಅಲ್ಲಿಗೇ ಆಟ ಮುಗಿಯಿತು.

ಮತ ತಿಂದವರು ಯಾರು ಅಂತೀರಿ? ಮನೆಯವರೇ, ಅಂದರೆ ಎಡಪಂಥದವರೇ. ಜೋಸ್ಪಿನ್ ಸರ್ಕಾರದ ಜೊತೆಗಿದ್ದ ಕಮ್ಯುನಿಸ್ಟರು, ಹಸಿರು ಪಕ್ಷದವರು, ಅವರ ಗೃಹಮಂತ್ರಿಯಾಗಿದ್ದು ಜಗಳವಾಡಿ ಹೊರಬಂದ ಶೆವೆನ್‌ಮಾ, ರಾಡಿಕಲ್ ಪಕ್ಷದ ಕ್ರಿಸ್ತಿಯಾನ್ ತೊಬಿರಾ, ಎಲ್ಲರೂ ಬೇರೆ ಬೇರೆ ಸ್ಪರ್ಧಿಸಿದ್ದರು. ಅದರ ಮೇಲೆ ಮೂವರು ಟ್ರಾಟ್‌ಸ್ಕಿವಾದಿಗಳು, ಅಂದರೆ ಕಟ್ಟಾ ಎಡಪಂಥದ ಕ್ರಾಂತಿವಾದಿಗಳು. ತೊಬಿರಾ ಒಬ್ಬರಿಗೇ 6.6 ಲಕ್ಷ ಮತ ಬಂದಿತ್ತು.

2022ರಲ್ಲಿ ಮತ್ತೆ ಅದೇ ಕಥೆ. ಮೊದಲ ಸುತ್ತಿನಲ್ಲಿ ಎಡಪಂಥದ ಮೆಲೆನ್‌ಶಾನ್‌ಗೆ 21.95%, ಜಾನ್ ಮರಿ ಲೆ ಪೆನ್ ಮಗಳು ಮರೀನ್ ಲೆ ಪೆನ್‌ಗೆ 23.15%. ಅಂತರ 4.21 ಲಕ್ಷ, ಕಮ್ಯುನಿಸ್ಟ್ ರೂಸೆಲ್ ಪಡೆದದ್ದು 8 ಲಕ್ಷ. ಇದನ್ನು ಕೂಡಿಸಿ ಕಳೆದು ನೋಡಿ ಎಲ್ಲ ಅಹಂಕಾರದ ಆಟ ಅಂತ ಹುಡುಗರು ತೀರ್ಮಾನಕ್ಕೆ ಬಂದುಬಿಡ್ತಾರೆ. ನನಗೆ ಹಾಗನ್ನಿಸಲ್ಲ, ರೂಸೆಲ್‌ಗೆ ಹಾಕಿದವರೆಲ್ಲ ಅವರು ನಿಲ್ಲದಿದ್ದರೆ ಮೆಲೆನ್‌ಶಾನ್‌ಗೇ ಹಾಕ್ತಿದ್ರು ಅಂತ ಯಾರು ಹೇಳಿದ್ದು?

ಲೆಕ್ಕಕ್ಕಿಂತ ದೊಡ್ಡ ತೊಡಕು ಹುದ್ದೆಯದ್ದು. ಸಂಸತ್ತಿನ ಕೆಳಮನೆಯಲ್ಲಿ 577 ಸ್ಥಾನಗಳಿವೆ. ದಾಯಾದಿಗಳು ಎಷ್ಟೇ ಕಿತ್ತಾಡಿದರೂ ಹೊಲವನ್ನು ಪಾಲು ಮಾಡಿಕೊಳ್ಳಬಹುದು, ನಿನಗಿಷ್ಟು ನನಗಿಷ್ಟು ಅಂತ. 2024ರ ಜೂನ್‌ನಲ್ಲಿ ಅಧ್ಯಕ್ಷ ಮ್ಯಾಕ್ರನ್ ಈ ಕೆಳಮನೆಯನ್ನು ವಿಸರ್ಜಿಸಿದಾಗ ಎಡಪಕ್ಷಗಳು ಕೆಲವೇ ದಿನಗಳಲ್ಲಿ ಒಂದಾಗಿ, ಕ್ಷೇತ್ರಗಳನ್ನು ಹಂಚಿಕೊಂಡು, ಬಹುಮತ ಸಿಗದಿದ್ದರೂ ಅತಿ ಹೆಚ್ಚು ಸ್ಥಾನ ಗೆದ್ದದ್ದು ಹೀಗೆ. ಆದರೆ ಪ್ರಧಾನಿ ಹುದ್ದೆಗೆ ಒಂದೇ ಒಂದು ಹೆಸರು ಕೊಡಿ ಅಂದಾಗ, ಲೂಸಿ ಕಾಸ್ತೆ ಅನ್ನೋ ಹೆಸರಿಗೆ ಬರಲು ಜುಲೈ 23ರವರೆಗೆ ಎಳೆದಾಡಿದರು. ಮ್ಯಾಕ್ರನ್ ಅದನ್ನೂ ಒಪ್ಪದೆ ಸೆಪ್ಟೆಂಬರ್‌ನಲ್ಲಿ ಬಲಪಂಥದ ಬಾರ್ನಿಯೆ ಅವರನ್ನು ತಂದು ಕೂರಿಸಿದರು, ಅದು ಬೇರೆ ಮಾತು. ಅಧ್ಯಕ್ಷರ ಕುರ್ಚಿಯಂತೂ ಪಾಲಾಗುವಂಥದ್ದೇ ಅಲ್ಲ.

ಹಾಗಂತ ಎಡಪಂಥ ಒಡೆದಾಗೆಲ್ಲ ಸೋತಿಲ್ಲ. 1981ರಲ್ಲಿ ಕಮ್ಯುನಿಸ್ಟ್ ನಾಯಕ ಮಾರ್ಶೆ ಬೇರೆ ನಿಂತು 15.35% ತಗೊಂಡರು. ಆದರೂ ಸಮಾಜವಾದಿ ಮಿತ್ತೆರಾಂ ಗೆದ್ದರು. ಯಾಕೆ? ಅವರ ಹತ್ತಿರ ಮೊದಲ ಸುತ್ತಿನಲ್ಲೇ 25.85% ಇತ್ತು. ಮನೆಗೆ ಒಬ್ಬ ಹಿರಿಯ ಇದ್ದ, ಉಳಿದವರು ಗೊಣಗುತ್ತಲೇ ಎರಡನೇ ಸುತ್ತಿನಲ್ಲಿ ಅವನ ಹಿಂದೆ ಬಂದರು. 2017ರಲ್ಲಿ ಸಮಾಜವಾದಿ ಅಭ್ಯರ್ಥಿ ಅಮೊನ್‌ಗೆ 6.36%. ಅದೇ ವರ್ಷ ಪಕ್ಷ ಪ್ಯಾರಿಸ್‌ನ ಸೋಲ್ಫೆರಿನೊ ಬೀದಿಯಲ್ಲಿದ್ದ ತನ್ನ ಕಚೇರಿಯನ್ನೇ ಮಾರಿತು. 2022ರಲ್ಲಿ 1.75%. ಹಿರಿಯನ ಜಾಗ ಖಾಲಿ. ಮೆಲೆನ್‌ಶಾನ್‌ಗೆ ಮತ ಇದೆ, ಉಳಿದವರ ನಂಬಿಕೆ ಇಲ್ಲ.

ನಂಬಿಕೆ ಇಲ್ಲದಿರೋದು ಸುಮ್ನೆ ಅಲ್ಲ. ನ್ಯಾಟೋದಲ್ಲಿ ಇರಬೇಕೋ ಬೇಡವೋ, ಯುರೋಪಿಯನ್ ಒಕ್ಕೂಟದ ನಿಯಮಗಳನ್ನು ಮೀರಬಹುದೋ ಇಲ್ಲವೋ, ಇವೆಲ್ಲದರಲ್ಲೂ ಮೆಲೆನ್‌ಶಾನ್ ಒಂದು ಕಡೆ, 2024ರ ಯುರೋಪಿಯನ್ ಚುನಾವಣೆಯಲ್ಲಿ ಸಮಾಜವಾದಿಗಳ ಬೆಂಬಲದಿಂದ 13.8% ಗಳಿಸಿದ ಗ್ಲುಕ್ಸ್‌ಮನ್ ಇನ್ನೊಂದು ಕಡೆ. ಸಂಸತ್ತಿನ ಚುನಾವಣೆಯಲ್ಲಿ ಇಂಥ ಪ್ರಶ್ನೆಗಳನ್ನು ಚಾಪೆ ಕೆಳಗೆ ತಳ್ಳಬಹುದು. ಆದರೆ ಫ್ರಾನ್ಸ್‌ನಲ್ಲಿ ಸೇನೆಯ ಮುಖ್ಯಸ್ಥರೂ ಅಧ್ಯಕ್ಷರೇ, ಅಣ್ವಸ್ತ್ರದ ಕೊನೇ ಮಾತೂ ಅವರದ್ದೇ. ಅಲ್ಲಿ ಚಾಪೆ ಎಲ್ಲಿಂದ ತರೋದು?